ಪರಕೃತಿಯ ರಂಗಪ್ರಯೋಗ: ರಾಕ್ ಮೇಳವೂ ಕಂಸಾಳೆಯ ಮೇಳವೂ

ಒಬ್ಬರು ರಚಿಸಿದ ದೀರ್ಘ ಸಂಗೀತಕೃತಿಯನ್ನು ಬೇರೊಬ್ಬರು ರಂಗದ ಮೇಲೆ ನಡೆಯಿಸಿದಾಗ, ಅದು ಮೂಲಕ್ಕೆ ನಿಷ್ಠವಾಗಿದೆಯೇ ಎಂಬ ಪ್ರಶ್ನೆ ಏಳುವುದು ಸಹಜ. ಇತಿಹಾಸದ ವಿದ್ಯಾರ್ಥಿಗೆ ಇದು ಕೇವಲ ರಸಿಕತೆಯ ಪ್ರಶ್ನೆಯಲ್ಲ, ಆಧಾರದ ಪ್ರಶ್ನೆಯೂ ಹೌದು. ಕಳೆದುಹೋದ ಪ್ರಯೋಗವೊಂದನ್ನು ನಾವು ಎಷ್ಟೋ ವೇಳೆ ಅರಿಯುವುದು ಅದನ್ನು ಮರಳಿ ಆಡುವವರಿಂದಲೇ.

ಮೊದಲು ಪಾಶ್ಚಾತ್ಯ ನಿದರ್ಶನವೊಂದನ್ನು ನೋಡೋಣ. ಇಂಗ್ಲೆಂಡಿನ 'ಜೆನೆಸಿಸ್' ಎಂಬ ರಾಕ್ ಮೇಳವು 1974ರಲ್ಲಿ ಸುಮಾರು ಒಂದೂವರೆ ಗಂಟೆಯ ಕಥಾಗೀತಮಾಲೆಯೊಂದನ್ನು ಹೊರತಂದು, 1975ರವರೆಗೆ ಊರೂರುಗಳಲ್ಲಿ ವೇಷ, ಬೆಳಕು, ಚಿತ್ರಫಲಕಗಳೊಡನೆ ಅದನ್ನು ಇಡಿಯಾಗಿ ಪ್ರದರ್ಶಿಸಿತು. ಆ ಪ್ರದರ್ಶನದ ಪೂರ್ಣ ಚಲನಚಿತ್ರ ದಾಖಲೆ ಉಳಿಯಲಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ 1993ರಲ್ಲಿ ಹುಟ್ಟಿದ 'ದಿ ಮ್ಯೂಸಿಕಲ್ ಬಾಕ್ಸ್' ಎಂಬ ಗೌರವಾರ್ಪಣ ಮೇಳವು ಅದನ್ನು ರಂಗದ ಮೇಲೆ ಪುನಃ ಕಟ್ಟಿತು. ವಾದ್ಯ, ವೇಷ, ನಿಲುವು ಎಲ್ಲವೂ ಅಂದಿನಂತೆಯೇ ಇರಬೇಕೆಂಬುದು ಅವರ ವ್ರತ. ಅಲ್ಲಿ ನಿಷ್ಠೆಯೆಂದರೆ ಪ್ರತಿರೂಪ.

ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ನಿಷ್ಠೆಯ ಅರ್ಥ ಬೇರೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ದೇವರಗುಡ್ಡರು ದೀಕ್ಷೆ ಪಡೆದು, ಮಾದಪ್ಪನ ಕಾವ್ಯವನ್ನು ಹಾಡುವವರು. ಇವರ ವಾದ್ಯವಾದ ಕಂಸಾಳೆಯು ಒಂದು ಬಟ್ಟಲು, ಒಂದು ತಟ್ಟೆ, ಹೀಗೆ ಎರಡು ಕಂಚಿನ ತಾಳಗಳ ಜೋಡಿ. ಕಾವ್ಯವು 'ಸಾಲು'ಗಳೆಂಬ ಭಾಗಗಳಾಗಿ ಹರಡಿದೆ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಮೊದಲಾದವು ಪ್ರಸಿದ್ಧವಾಗಿವೆ. ಮುಖ್ಯ ಗಾಯಕನು ಪದವನ್ನೆತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಕೂಡಿಸುತ್ತಾರೆ; ನಡುನಡುವೆ ವಚನರೂಪದ ಕಥನವು ಬರುತ್ತದೆ. ಪೂರ್ಣಕಾವ್ಯಕ್ಕೆ ಒಂದು ರಾತ್ರಿ ಸಾಲದು. ಚಿಕ್ಕಲ್ಲೂರಿನ ಪರಂಪರೆಯ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ತಂಬೂರಿಯೊಡನೆ ಹಾಡುವ ಕ್ರಮವೂ ಇದಕ್ಕೆ ಸಮೀಪವಾದುದು. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಆಡಳಿತದಲ್ಲಿಯೂ ನೆರೆಯ ಯಳಂದೂರು ಮೈಸೂರಿನಲ್ಲಿಯೂ ಇದ್ದವು. ಹಾಡು ಮಾತ್ರ ಆ ಗಡಿಯನ್ನು ಲೆಕ್ಕಿಸಲಿಲ್ಲ.

ಇಲ್ಲಿ ಮೂಲಪ್ರದರ್ಶನವೆಂಬುದು ಯಾವುದೂ ಇಲ್ಲ. ಪಿ. ಕೆ. ರಾಜಶೇಖರರು 1973ರಲ್ಲಿ ಪ್ರಕಟಿಸಿದ ಪಾಠವೊಂದು. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದವರು ಹಾಡಿ, ಕೆ. ಕೇಶವನ್ ಪ್ರಸಾದರು ಸಂಗ್ರಹಿಸಿದ ಪಾಠ ಇನ್ನೊಂದು. ಎರಡನೆಯದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿಯು 2001ರಲ್ಲಿ ಹೊರತಂದಿತು. ಇವುಗಳಲ್ಲಿ ಒಂದನ್ನು ಶುದ್ಧವೆಂದು ಹಿಡಿದು ಮತ್ತೊಂದನ್ನು ಅಶುದ್ಧವೆನ್ನುವುದು ತರವಲ್ಲ. ಗಾಯಕನು ಕೇಳುವವರ ಮುಖವನ್ನು ನೋಡಿ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಹಾಗೆ ಮಾಡುವುದೇ ಅವನ ಗುರುವಿಗೆ ಸಲ್ಲಿಸುವ ನಿಷ್ಠೆ.

ಆಧುನಿಕ ರಂಗವು ಈ ಕಲೆಗೆ ಉಪಕಾರವನ್ನೂ ಮಾಡಿದೆ, ಅಪಾಯವನ್ನೂ ಒಡ್ಡಿದೆ. 1996ರ 'ಜನುಮದ ಜೋಡಿ' ಚಲನಚಿತ್ರದಿಂದ ಕೋಲುಮಂಡೆ ಜಂಗಮನ ಹಾಡು ನಾಡಿನಾದ್ಯಂತ ಕೇಳಿಬಂದಿತು. ಬೀಸು ಕಂಸಾಳೆಯ ಕುಣಿತವು ಉತ್ಸವಗಳ ವೇದಿಕೆಯನ್ನೇರಿತು. ಆದರೆ ವೇದಿಕೆಯು ಕೇಳುವುದು ಕೆಲವೇ ನಿಮಿಷಗಳ ಚಮತ್ಕಾರವನ್ನು. ಕುಣಿತವು ಉಳಿದು ಕಥನವು ಕರಗಿದರೆ, ಸಂಕಮ್ಮನು ಗಂಡನ ಸಂಶಯದಿಂದ ಪಟ್ಟ ಪಾಡನ್ನು ಕೇಳುವ ಕಿವಿಯೂ ಕರಗುತ್ತದೆ.

ಮಾಂಟ್ರಿಯಲ್ಲಿನ ಮೇಳದಿಂದ ನಾವು ಕಲಿಯಬೇಕಾದುದು ಅನುಕರಣವನ್ನಲ್ಲ, ಕೃತಿಯನ್ನು ಇಡಿಯಾಗಿ ಕೇಳಿಸಬೇಕೆಂಬ ಹಟವನ್ನು. ನಮ್ಮ ಕಾಲೇಜುಗಳು ಕಂಸಾಳೆಯ ಮೇಳವನ್ನು ಆಹ್ವಾನಿಸುವಾಗ ಒಂದು ಸಾಲಿಗಾದರೂ ಪೂರ್ಣ ರಾತ್ರಿಯನ್ನು ಕೊಡಲಿ. ವಿದ್ಯಾರ್ಥಿಗಳು ಹಾಡನ್ನಷ್ಟೇ ಅಲ್ಲದೆ, ಸ್ಥಳವನ್ನೂ ದಿನವನ್ನೂ ಕೇಳುಗರ ಸೊಲ್ಲನ್ನೂ ದಾಖಲಿಸಲಿ. ಮುಂದಿನ ಇತಿಹಾಸಕಾರನಿಗೆ ಅದಕ್ಕಿಂತ ಉತ್ತಮವಾದ ಆಧಾರವನ್ನು ನಾವು ಬಿಟ್ಟುಹೋಗಲಾರೆವು.