ಶಿವನಸಮುದ್ರದ ವಿದ್ಯುತ್ತು, ಕೋಲಾರದ ದಿಬ್ಬ

ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ಭರಚುಕ್ಕಿ ನೋಡಲು ಹೊರಡುವ ಶಾಲಾ ಮಕ್ಕಳು ಶಿವನಸಮುದ್ರದ ವಿದ್ಯುದಾಗಾರದ ಕಥೆಯನ್ನೂ ಕೇಳಿರುತ್ತಾರೆ. ಆದರೆ 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಎಲ್ಲಿಗೆ? ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ! ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ.

ಕಾವೇರಿಯ ಬಲದಿಂದ ಅಲ್ಲಿನ ಯಂತ್ರಗಳು ತಿರುಗಿದವು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಸುಮಾರು 120 ವರ್ಷಗಳಲ್ಲಿ ಸಿಕ್ಕ ಚಿನ್ನ ಅಂದಾಜು 800 ಟನ್. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೊರಟುಹೋಯಿತು, ಉಳಿದದ್ದು ಊರ ನಡುವೆ ನಿಂತ ಬೂದು ಬಣ್ಣದ 13 ದಿಬ್ಬಗಳು. ಜನ ಕರೆಯುವುದು 'ಸೈನೈಡ್ ದಿಬ್ಬ' ಎಂದು. ಸಿನಿಮಾದವರಿಗೆ ಅವು ಒಳ್ಳೆಯ ಲೊಕೇಶನ್. ಪಕ್ಕದ ಲೈನುಮನೆಗಳಲ್ಲಿ ಬೇಸಿಗೆಯ ಗಾಳಿಗೆ ಕಿಟಕಿ ಮುಚ್ಚಿಕೊಳ್ಳುವವರಿಗೆ ಅವು ಬೇರೆಯೇ.

ಇಷ್ಟು ಪುಡಿ ಎಲ್ಲಿಂದ ಬಂತು? ಒಂದು ಟನ್ ಅದಿರಿನಲ್ಲಿ ಚಿನ್ನ ಇರುತ್ತಿದ್ದದ್ದು ಗ್ರಾಮುಗಳ ಲೆಕ್ಕದಲ್ಲಿ. ಕಲ್ಲನ್ನು ಹಿಟ್ಟಿನಂತೆ ಅರೆದು, ತೆಳುವಾದ ಸೈನೈಡ್ ದ್ರಾವಣದಲ್ಲಿ ನೆನೆಸಿದರೆ ಚಿನ್ನ ಅದರಲ್ಲಿ ಕರಗುತ್ತದೆ. ದ್ರಾವಣದಿಂದ ಸತುವಿನ ಪುಡಿಯ ನೆರವಿನಲ್ಲಿ ಅದನ್ನು ಬೇರ್ಪಡಿಸುತ್ತಾರೆ. ಉಳಿದ ಹಿಟ್ಟೇ ದಿಬ್ಬ: ಒಟ್ಟು 3 ಕೋಟಿ ಟನ್ನಿಗೂ ಹೆಚ್ಚು.

ಸೈನೈಡ್ ಎಂದೊಡನೆ ಎಲ್ಲರೂ ಬೆಚ್ಚುತ್ತಾರೆ. ನಿಜಕ್ಕೂ ಬಿಸಿಲು, ಗಾಳಿಗೆ ಬಿದ್ದ ಸೈನೈಡ್ ಕಾಲಕ್ರಮೇಣ ಒಡೆದು ಹೋಗುತ್ತದೆ. ಹೋಗದೆ ಉಳಿಯುವುದು ಹೆಸರಿಲ್ಲದ ಶತ್ರುಗಳು. ನವುರಾದ ಸಿಲಿಕಾ ಧೂಳು ಶ್ವಾಸಕೋಶದ ಆಳಕ್ಕೆ ಇಳಿದರೆ ಹೊರಬರುವುದಿಲ್ಲ. ಗಣಿ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಹುಟ್ಟುವುದೇ ಇಂಥ ಧೂಳಿನಿಂದ. ಅದಿರಿನ ಗಂಧಕದ ಖನಿಜಗಳಿಗೆ ಗಾಳಿ, ನೀರು ಸೋಕಿದರೆ ಆಮ್ಲ ಉಂಟಾಗಬಹುದು, ಆಮ್ಲ ಲೋಹಗಳನ್ನು ಕರಗಿಸಿ ಮಳೆನೀರಿನೊಡನೆ ಕೆಳಗಿನ ಹಳ್ಳಕ್ಕೆ ಒಯ್ಯಬಹುದು.

ಗಿಡ ನೆಟ್ಟರೆ ಮುಗಿಯಿತಲ್ಲ ಎನ್ನಬಹುದು. ಅಷ್ಟು ಸುಲಭವಲ್ಲ. ಈ ಹಿಟ್ಟಿನಲ್ಲಿ ಕೊಳೆತ ಎಲೆಯಿಲ್ಲ, ಸಾರಜನಕವಿಲ್ಲ, ನೀರು ನಿಲ್ಲುವುದಿಲ್ಲ. ಮೊದಲು ದಿಬ್ಬದ ಕಡಿದಾದ ಇಳಿಜಾರನ್ನು ತಗ್ಗಿಸಬೇಕು. ಬುಡದ ಸುತ್ತ ಕಾಲುವೆ ತೋಡಿ ಕೊಚ್ಚಿಬರುವ ಪುಡಿಯನ್ನು ತಡೆಯಬೇಕು. ಮೇಲೆ ಒಳ್ಳೆಯ ಮಣ್ಣು, ಗೊಬ್ಬರ ಹರಡಿ, ಆಳಕ್ಕೆ ಬೇರುಬಿಡುವ ಹುಲ್ಲು ಹಿಡಿಸಿ, ಆಮೇಲೆ ಹೊಂಗೆಯಂಥ ಗಟ್ಟಿಜೀವದ ಮರ. ವರ್ಷಾನುಗಟ್ಟಲೆ ಕಾಯುವ ಕೆಲಸ, ದುಡ್ಡಿನ ಕೆಲಸ.

ಆ ದುಡ್ಡು ಯಾರದು? ಗಣಿ ಮುಚ್ಚುವ ಮುನ್ನ ನೆಲವನ್ನು ಹೇಗೆ ಸರಿಪಡಿಸುತ್ತೇವೆಂಬ ಯೋಜನೆ ಕೊಟ್ಟು, ಅದಕ್ಕೆ ಹಣದ ಭದ್ರತೆ ಇಡಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಕೋಲಾರದ ಗಣಿಗೆ ಬೀಗ ಬಿದ್ದು ಆಗಲೇ ಎರಡು ವರ್ಷ! ಖಾಸಗಿ ಕಂಪನಿಗಳ ಕಾಲದಲ್ಲಿ ಲಾಭದ ಬಹುಪಾಲು ಲಂಡನ್ನಿಗೆ, 1956ರ ನಂತರ ಗಣಿ ಸರ್ಕಾರಕ್ಕೆ. ದಿಬ್ಬ ಮಾತ್ರ ಊರಿನವರಿಗೆ.

ದಕ್ಷಿಣ ಆಫ್ರಿಕದ ಜೊಹಾನೆಸ್‌ಬರ್ಗ್ ಬಳಿ 1970ರ ದಶಕದಿಂದಲೇ ಹಳೆಯ ದಿಬ್ಬಗಳನ್ನು ನೀರಿನ ಜೋರಾದ ಧಾರೆಯಿಂದ ಕರಗಿಸಿ, ಉಳಿದ ಚಿನ್ನ ತೆಗೆದು, ಪುಡಿಯನ್ನು ಬೇರೆಡೆ ಒಯ್ಯುತ್ತಿದ್ದಾರೆ. ಹಾಗೆ ಕೆಲವು ದಿಬ್ಬಗಳ ನೆಲ ಖಾಲಿಯಾಗಿದೆ. ಕೋಲಾರದ ಪುಡಿಯಲ್ಲೂ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದೆ. ಸುಮಾರು ಸಾವಿರ ಎಕರೆಯ ಈ ದಿಬ್ಬಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಸ್ವಚ್ಛತೆಗೆ ಇದು ಅವಕಾಶವೂ ಹೌದು. ಆದರೆ ಚಿನ್ನ ತೆಗೆದರೂ 3 ಕೋಟಿ ಟನ್ ಪುಡಿ ಕಡಿಮೆಯಾಗದು, ಎಲ್ಲಾದರೂ ಸುರಿಯಲೇಬೇಕು. ಅದರ ತಳಕ್ಕೆ ನೀರು ಇಂಗದ ಹಾಸು, ಮೇಲೆ ಹಸಿರು ಹೊದಿಕೆ ಕಡ್ಡಾಯ ಮಾಡುವರೇ ಎಂಬುದನ್ನು ಗುತ್ತಿಗೆಯ ಕರಾರಿನಲ್ಲಿ ನೋಡಬೇಕು. ಜೊತೆಗೆ ಅಷ್ಟು ಪುಡಿ ತೊಳೆಯಲು ನೀರು ಬೇಕು. ಕೋಲಾರ ಜಿಲ್ಲೆಯಲ್ಲಿ ಕಾವೇರಿಯಂತೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ.