ಉತ್ತರ ಬಂದರೂ ಪುಟಕ್ಕೆ ಸಿಗದಿದ್ದಾಗ

ಒಂದೇ ಲ್ಯಾಪ್‌ಟಾಪಿನಲ್ಲಿ 3000ನೇ ಪೋರ್ಟ್‌ನಲ್ಲಿ ವೆಬ್ ಪುಟ, 8000ನೇ ಪೋರ್ಟ್‌ನಲ್ಲಿ ಜ್ಯಾಂಗೊ ಎಂಬ ವೆಬ್ ಚೌಕಟ್ಟಿನ ಸರ್ವರ್. ಪುಟ ಮಾಹಿತಿ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅದರ ಲಾಗ್‌ನಲ್ಲಿ ಯಶಸ್ಸಿನ ಸಂಕೇತವಾದ 200 ಕೂಡ ಮೂಡುತ್ತದೆ. ಆದರೆ ಪುಟ ಖಾಲಿ. ಬ್ರೌಸರಿನ ಕನ್ಸೋಲ್ ತೆರೆದರೆ ಕೆಂಪು ಅಕ್ಷರಗಳಲ್ಲಿ ‘ಕಾರ್ಸ್’ ದೋಷ.

ಇಲ್ಲಿ ತಡೆದದ್ದು ಸರ್ವರ್ ಅಲ್ಲ, ಬ್ರೌಸರ್. ಪ್ರೋಟೊಕಾಲ್, ಹೆಸರು, ಪೋರ್ಟ್ ಮೂರೂ ಹೊಂದಿದರೆ ಮಾತ್ರ ಅದಕ್ಕೆ ಎರಡು ವಿಳಾಸಗಳು ಒಂದೇ ಮೂಲದವು. ಇಲ್ಲಿ ಪೋರ್ಟ್ ಬೇರೆ; ಬೇರೆ ಮೂಲದ ಉತ್ತರವನ್ನು ಓದಲು ಅದು ಪುಟಕ್ಕೆ ಬಿಡುವುದಿಲ್ಲ. ನೆಟ್‌ಸ್ಕೇಪ್ ನ್ಯಾವಿಗೇಟರ್ 2ರ ಕಾಲದಿಂದಲೂ ಇರುವ ನಿಯಮವಿದು, ಇದ್ದದ್ದು ಒಳ್ಳೆಯದೇ ಆಯಿತು. ನೀವು ಬ್ಯಾಂಕ್ ತಾಣಕ್ಕೆ ಲಾಗಿನ್ ಆಗಿರುವಾಗ ಇನ್ನೊಂದು ಟ್ಯಾಬ್‌ನಲ್ಲಿ ಗುರುತಿಲ್ಲದ ತಾಣ ತೆರೆದಿರಿ ಎನ್ನಿ. ಅದರ ಕೋಡ್ ಬ್ಯಾಂಕಿಗೆ ಕಳಿಸುವ ಕೋರಿಕೆಯ ಜೊತೆ ನಿಮ್ಮ ಕುಕಿಯೂ ಹೋಗಬಹುದು. ಉತ್ತರ ಓದಲು ಬಿಟ್ಟರೆ ನಿಮ್ಮ ಖಾತೆಯ ವಿವರ ಅವರ ಪಾಲು.

ಆದರೆ ನ್ಯಾಯವಾದ ಹಂಚಿಕೆಯೂ ನಡೆಯಬೇಕಲ್ಲ? ಅದಕ್ಕೇ ಕಾರ್ಸ್, ಅಂದರೆ ಬೇರೆ ಬೇರೆ ಮೂಲಗಳ ನಡುವಿನ ಹಂಚಿಕೆಯ ವ್ಯವಸ್ಥೆ. 2014ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಇದನ್ನು ಶಿಫಾರಸು ಮಾಡಿತು. ‘ಈ ಮೂಲದ ಪುಟ ನನ್ನ ಉತ್ತರ ಓದಬಹುದು’ ಎಂದು ಸರ್ವರ್ ಒಂದು ಹೆಡರ್‌ನಲ್ಲಿ ಬರೆದು ಕಳಿಸುತ್ತದೆ. ಅಳಿಸುವಂಥ, ತಿದ್ದುವಂಥ ಕೋರಿಕೆಯಾದರೆ ಬ್ರೌಸರ್ ಮೊದಲೇ ‘ಆಪ್ಷನ್ಸ್’ ಎಂಬ ಚಿಕ್ಕ ಕೋರಿಕೆ ಕಳಿಸಿ ಒಪ್ಪಿಗೆ ಪಡೆಯುತ್ತದೆ. ಈ ಮುನ್ಕೋರಿಕೆಯಲ್ಲಿ ಕುಕಿ ಇರುವುದಿಲ್ಲ. ಅದಕ್ಕೂ ಲಾಗಿನ್ ಕೇಳುವ ಸರ್ವರಾದರೆ ಅಸಲು ಕೋರಿಕೆ ಹೊರಡುವುದೇ ಇಲ್ಲ.

ಜ್ಯಾಂಗೊದಲ್ಲಿ ಈ ಕೆಲಸಕ್ಕೆ ‘ಜ್ಯಾಂಗೊ-ಕಾರ್ಸ್-ಹೆಡರ್ಸ್’ ಎಂಬ ಲೈಬ್ರರಿ ಇದೆ. ಅದರ ಮಿಡಲ್‌ವೇರನ್ನು, ಅಂದರೆ ಕೋರಿಕೆ-ಉತ್ತರಗಳ ನಡುವೆ ನಿಲ್ಲುವ ಕೋಡನ್ನು, ಜ್ಯಾಂಗೊದ ಮಿಡಲ್‌ವೇರ್ ಪಟ್ಟಿಯಲ್ಲಿ ಆದಷ್ಟೂ ಮೇಲಿಡಬೇಕು. ಕೆಳಗಿಟ್ಟರೆ, ಮೇಲಿನದೊಂದು ತಾನೇ ಉತ್ತರಿಸಿಬಿಟ್ಟಾಗ ಹೆಡರ್ ಸೇರುವುದೇ ಇಲ್ಲ. ಆಮೇಲೆ ಒಪ್ಪಿಗೆಯ ಮೂಲಗಳನ್ನು ಪೋರ್ಟ್ ಸಮೇತ ಬರೆಯಬೇಕು, ಕೊನೆಯಲ್ಲಿ ಓರೆಗೆರೆ ಹಾಕದೆ.

ಅವಸರದಲ್ಲಿ ಹಲವರು ‘ಎಲ್ಲ ಮೂಲಗಳಿಗೂ ಒಪ್ಪಿಗೆ’ ಎಂದು ಬರೆದು ಕೆಂಪು ಅಕ್ಷರ ಅಳಿಸಿಕೊಳ್ಳುತ್ತಾರೆ. ಹವಾಮಾನದಂಥ ಸಾರ್ವಜನಿಕ ಮಾಹಿತಿಗೆ ಅದು ಸರಿ. ಲಾಗಿನ್ ಇರುವ ತಾಣಕ್ಕೆ ಖಂಡಿತ ಸಲ್ಲ. ‘ಎಲ್ಲರಿಗೂ’ ಎಂದು ಹೆಡರ್‌ನಲ್ಲಿ ಸೂಚಿಸುವ ನಕ್ಷತ್ರ ಚಿಹ್ನೆಯ ಒಪ್ಪಿಗೆಯನ್ನು ಕುಕಿ ಸಹಿತ ಕೋರಿಕೆಗೆ ಬ್ರೌಸರ್ ಮಾನ್ಯ ಮಾಡುವುದಿಲ್ಲ, ನಿಜ. ಆದರೆ ಈ ಲೈಬ್ರರಿಯಲ್ಲಿ ಎಲ್ಲ ಮೂಲಗಳಿಗೂ ಕುಕಿಗೂ ಒಟ್ಟಿಗೇ ಒಪ್ಪಿಗೆ ಕೊಟ್ಟರೆ, ನಕ್ಷತ್ರದ ಬದಲು ಕೇಳಿದವರ ಹೆಸರನ್ನೇ ಹೆಡರ್‌ನಲ್ಲಿ ಮರಳಿಸುತ್ತದೆ. ಯಾರು ಕೇಳಿದರೂ ಅವರಿಗೆ ಒಪ್ಪಿಗೆ! ಹೀಗೆ ಕೇಳಿದವರ ಹೆಸರನ್ನೇ ಮರಳಿಸುವ ಲೋಪದಿಂದ ಬಿಟ್‌ಕಾಯಿನ್ ವಿನಿಮಯ ತಾಣವೊಂದರ ಬಳಕೆದಾರರ ಖಾಸಗಿ ಎಪಿಐ ಕೀಲಿಯನ್ನೇ ಕದಿಯಬಹುದಿತ್ತು ಎಂದು ಭದ್ರತಾ ಸಂಶೋಧಕ ಜೇಮ್ಸ್ ಕೆಟಲ್ 2016ರಲ್ಲಿ ತೋರಿಸಿಕೊಟ್ಟರು.