ಕಿವಿಗೆ ತಲುಪದ ಪಠ್ಯ: ಸಹಾಯಕ ತಂತ್ರಜ್ಞಾನ ಮತ್ತು ಕನ್ನಡದ ಸಂಕೇತೀಕರಣ

ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ ಇಂದು ದುಬಾರಿಯಲ್ಲ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಅದರೊಡನೆ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಆದರೂ ಅಧ್ಯಾಪಕರು ಕೊಟ್ಟ ಟಿಪ್ಪಣಿಯನ್ನು ತೆರೆದ ಅಂಧ ವಿದ್ಯಾರ್ಥಿಗೆ ಎಷ್ಟೋ ಬಾರಿ ಕೇಳಿಸುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸರಣಿ. ಇದರ ಮೂಲ ಬರಹವನ್ನು ಶೇಖರಿಸಿರುವ ಕ್ರಮದಲ್ಲಿದೆ ಎಂಬುದು ನಮ್ಮ ವಾದ.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಕಣ್ಣಿಗೆ 'ಕನ್ನಡ' ಎಂದು ಕಾಣುವ ಪದ ನುಡಿಯ ಹಳೆಯ ಕಡತದೊಳಗೆ ಇಂಗ್ಲಿಷಿನ 'ಪಿ'ಯಿಂದ ಮೊದಲಾಗುತ್ತದೆ. 'ಅರ್ಥ' ಎಂಬ ಪದ ಇನ್ನೂ ಗಮನಾರ್ಹ. ಉಚ್ಚಾರದಲ್ಲಿ ರಕಾರ ಮೊದಲು, ಥಕಾರ ನಂತರ; ಲಿಪಿಯಲ್ಲಿ ಅರ್ಕಾವೊತ್ತು ಥಕಾರದ ಬಲಕ್ಕೆ ಬರುತ್ತದೆ. ಹಳೆಯ ಫಾಂಟು ಈ ಕಣ್ಣಿನ ಕ್ರಮವನ್ನೇ ಶೇಖರಿಸುತ್ತದೆ. ಯೂನಿಕೋಡ್ ಶೇಖರಿಸುವುದು ಉಚ್ಚಾರದ ಕ್ರಮವನ್ನು: ಅ, ರ, ವಿರಾಮ, ಥ. ಭಾರತಿ ಬ್ರೈಲ್‌ನಲ್ಲಿಯೂ ಗುಣಿತಾಕ್ಷರಕ್ಕೆ ಪ್ರತ್ಯೇಕ ಆಕಾರವಿಲ್ಲ. 'ಕಿ' ಎಂದರೆ ಕಕಾರದ ಚುಕ್ಕಿಗಳು, ಅವುಗಳ ಮುಂದೆ ಇಕಾರದ ಚುಕ್ಕಿಗಳು. ಹೀಗಾಗಿ ಯೂನಿಕೋಡ್ ಪಠ್ಯವೊಂದಿದ್ದರೆ ಅದು ಧ್ವನಿಗೂ ಬ್ರೈಲ್‌ಗೂ ಒದಗುತ್ತದೆ. ಓದುತ್ತಿರುವ ಪದವನ್ನು ಬಣ್ಣದಿಂದ ಎತ್ತಿ ತೋರಿಸುವ, ಡಿಸ್ಲೆಕ್ಸಿಯಾ ಇರುವ ಮಕ್ಕಳು ಬಳಸುವ ಸಾಧನಗಳಿಗೂ ಅದೇ ಸಾಕು.

ಯೂನಿಕೋಡ್ ಬಂದೊಡನೆ ಎಲ್ಲವೂ ಮುಗಿಯಿತೆಂದಲ್ಲ. ಅಂಕ, ಗಂಟೆ, ಕಂಬ ಇವುಗಳಲ್ಲಿ ಒಂದೇ ಅನುಸ್ವಾರಕ್ಕೆ ಮೂರು ಉಚ್ಚಾರಗಳಿವೆ. ಮುಂದಿನ ವ್ಯಂಜನವೇ ಅದನ್ನು ನಿರ್ಧರಿಸುವುದರಿಂದ ನಿಯಮ ಸುಲಭ. ಅಂಕಿಗೆ ಅಂಟಿದ ವಿಭಕ್ತಿ ಅಷ್ಟು ಸುಲಭವಲ್ಲ. '2016ರಲ್ಲಿ' ಎಂಬುದನ್ನು ಯಂತ್ರ 'ಹದಿನಾರು ರಲ್ಲಿ' ಎಂದು ಒಡೆದು ಓದಿದರೆ ಕನ್ನಡದ ಕಿವಿ ಒಪ್ಪದು. ಅಲ್ಲಿ ಉಕಾರ ಲೋಪವಾಗಿ 'ಹದಿನಾರರಲ್ಲಿ' ಆಗಬೇಕು. ಇಂಥ ಸಂಧಿನಿಯಮಗಳನ್ನು ಬರೆದುಕೊಡುವ ಹೊಣೆ ಭಾಷಾವಿಜ್ಞಾನಿಗಳದು. ಅದನ್ನು ತಂತ್ರಜ್ಞರಿಗೆ ಬಿಟ್ಟು ಸುಮ್ಮನಿರುವುದು ನಮ್ಮ ವಿಭಾಗಗಳಿಗೆ ಶೋಭಿಸದು.

ಪುಸ್ತಕಗಳನ್ನು ವಿಕಲಚೇತನರು ಬಳಸಬಲ್ಲ ರೂಪಕ್ಕೆ ತರಲು 2012ರ ತಿದ್ದುಪಡಿಯ ಮೂಲಕ ಕೃತಿಸ್ವಾಮ್ಯ ಕಾಯಿದೆಯೇ ಅನುಮತಿ ನೀಡಿದೆ. ತರಗತಿಯ ಮಟ್ಟದಲ್ಲಿ ಪರೀಕ್ಷೆ ಸರಳ: ಟಿಪ್ಪಣಿಯ ಒಂದು ಸಾಲನ್ನು ನಕಲಿಸಿ ಮೊಬೈಲ್ ಸಂದೇಶದಲ್ಲಿ ಅಂಟಿಸಿ ನೋಡಬಹುದು. ಅದು ರೋಮನ್ ಅಕ್ಷರಗಳಾಗಿ ಚದುರಿದರೆ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವೊತ್ತುಗಳನ್ನೂ ಒಮ್ಮೆ ತಿದ್ದಿದ ಮೇಲೆಯೇ ವಿದ್ಯಾರ್ಥಿಗಳಿಗೆ ಹಂಚಬೇಕು.